ಕಡಿಮೆ ಓದಿದವರು ಬೇಕಾಗಿದ್ದ ಬೇಸಿಗೆ

ಕುಡಚಿಯ ಕೃಷ್ಣಾ ಸೇತುವೆ ದಾಟಿ ಉಗಾರದ ಕಡೆಗೆ ಗಾಡಿ ಹೊರಳಿಸಿದರೆ, ಮಾರ್ಚ್ ತಿಂಗಳಲ್ಲಿ ಎರಡು ವಾಸನೆ ಎದುರಾಗುತ್ತವೆ. ಒಂದು ಸಕ್ಕರೆ ಕಾರ್ಖಾನೆಯ ಕಾಕಂಬಿಯದು. ಅದು ಮೂಗಿನಲ್ಲಿ ಬಂದು ಕೂತರೆ ಊರು ದಾಟುವ ತನಕ ಏಳುವುದಿಲ್ಲ. ಇನ್ನೊಂದು, ಶೇಡಬಾಳ ಹತ್ತಿರಾದಂತೆ ಬರುವ ದ್ರಾಕ್ಷಿ ಒಣಗಿಸುವ ಶೆಡ್ಡುಗಳದು. ಬಲೆಯ ಮೇಲೆ ಹರವಿದ ದ್ರಾಕ್ಷಿ ಬಿಸಿಗಾಳಿಗೆ ಸುಕ್ಕಾಗುತ್ತ ಬಿಡುವ ಆ ವಾಸನೆಗೆ ಹೆಸರು ಕೊಡಲು ನನಗೆ ಬರುವುದಿಲ್ಲ. ಅದು ಬಂದ ಕೂಡಲೇ ನನ್ನ ಬಲಗೈಯ ಬೆರಳು ಮಾತ್ರ ತಾವಾಗಿಯೇ ಪೆನ್ನು ಹಿಡಿದಂತೆ ಕೂಡಿಕೊಳ್ಳುತ್ತವೆ.

ಈ ವರ್ಷವೂ ಹಾಗೇ ಆಯಿತು. ಶೇಡಬಾಳದ ಪ್ರಾಥಮಿಕ ಶಾಲೆಯ ಎರಡು ಕೋಣೆಗಳ ನೆಲಕ್ಕೆ ಹೊಸ ಫರಸಿ ಹಾಕುವ ಕೆಲಸ ಬಂದಿತ್ತು. ಗಾಡಿಯ ಹಿಂದೆ ಕರಣಿ, ಲೆವಲ್ ಪೈಪು, ರಬ್ಬರಿನ ಸುತ್ತಿಗೆ ಕಟ್ಟಿಕೊಂಡು ಹೊರಟವನಿಗೆ ದಾರಿಯಲ್ಲಿ ದ್ರಾಕ್ಷಿಯ ಗಾಳಿ ಬಡಿಯಿತು. ಹ್ಯಾಂಡಲ್ ಮೇಲಿದ್ದ ಬೆರಳು ಕೂಡಿಕೊಂಡವು. ಶಾಲೆಗೆ ಮುಟ್ಟುವುದರೊಳಗೆ ಕೆಲವು ವರ್ಷದ ಹಿಂದಿನ ಆ ಬೇಸಿಗೆ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತ್ತು.

ನನ್ನ ಹೆಸರು ದಸ್ತಗೀರ. ಜನ ದಸ್ತಗೀರ ಮಿಸ್ತ್ರಿ ಎನ್ನುತ್ತಾರೆ. ಊರು ಕುಡಚಿ. ನಿಪ್ಪಾಣಿಯಿಂದ ಅಥಣಿಯ ತನಕ, ಚಿಕ್ಕೋಡಿ, ರಾಯಬಾಗ, ಕಾಗವಾಡ ಎಲ್ಲ ಕಡೆ ನಾನು ಹಾಕಿದ ನೆಲ ಇದೆ. ಯಾವ ಮನೆಗಾದರೂ ಹೋಗಿ ಒಂದು ಗೋಲಿ ಉರುಳಿಸಿ ನೋಡಿ, ನೀರು ಹೋಗುವ ಮೂಲೆಗಷ್ಟೇ ಹೋಗುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಗೌಂಡಿಯಾಗಿದ್ದರು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಕಟ್ಟಿಗೆಯ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಮನೆಗೆ ನಾನೇ ಹಿರಿಯ. ದೀಪಾವಳಿ ರಜೆಗೆಂದು ಕೆಲಸಕ್ಕೆ ಹೋದವನು ರಜೆ ಮುಗಿದ ಮೇಲೂ ತಿರುಗಿ ಶಾಲೆಗೆ ಹೋಗಲಿಲ್ಲ. ಶಾಲೆ ಬಿಟ್ಟವನು ಎಂದರೆ ನನಗೆ ಸಿಟ್ಟು ಬರುವುದಿಲ್ಲ. ನಾಪಾಸಾದವನು ಎಂದರೆ ಬರುತ್ತದೆ. ಚಹಾದ ಅಂಗಡಿಯಲ್ಲಿ ಯಾರಾದರೂ ಚೇಷ್ಟೆಗೆ ಹಾಗೆ ಅಂದರೆ ಕಪ್ಪು ಕೆಳಗಿಟ್ಟು ಹೇಳುತ್ತೇನೆ: "ನಾಪಾಸ ಆಗಿಲ್ಲೋ, ಬಿಟ್ಟೇನಿ. ಎರಡರಾಗ ಫರಕ ಐತಿ."

ಆ ವರ್ಷ ಫೆಬ್ರವರಿಯಲ್ಲಿ ಶೇಡಬಾಳದ ಭೂಪಾಲಣ್ಣನ ಹೊಸ ಮನೆಗೆ ಫರಸಿ ಹಾಕಲು ಹೋಗಿದ್ದೆ. ಜೈನ ಮನೆತನ, ಕಬ್ಬು ಮತ್ತು ದ್ರಾಕ್ಷಿಯ ತೋಟ. ಮನೆಯ ಹಿಂದೆಯೇ ದ್ರಾಕ್ಷಿ ಒಣಗಿಸುವ ಶೆಡ್ಡು. ಅವರ ಒಬ್ಬಳೇ ಮಗಳು ಪದ್ಮಾ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ.

ನಡುಮನೆಯ ನೆಲ ಮುಗಿಸಿದ ಮಾರನೆಯ ದಿನ ಆಕೆ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಿಧಾನವಾಗಿ ನಡೆದಳು. ನಡುವೆ ಒಂದು ಕಡೆ ನಿಂತಳು.

"ಕಾಕಾ, ಇಲ್ಲೊಂದು ಫರಸಿ ಎದ್ದೈತ್ರಿ."

"ಏಳೂ ಮಾತ ಇಲ್ಲವಾ. ದಾರ ಹಿಡದ ಹಾಕೇನಿ."

"ನಿಮ್ಮ ದಾರ ಏನ್ ಹೇಳ್ತೈತೋ ಗೊತ್ತಿಲ್ರಿ. ನನ್ನ ಕಾಲ ಹೆಬ್ಬಟ್ಟ ಹೇಳಾಕತ್ತೇತಿ."

ಒಳಗಿನಿಂದ ಆಕೆಯ ಅವ್ವ ನಕ್ಕ ಸದ್ದು ಕೇಳಿತು. ನನಗೆ ಮೈ ಉರಿಯಿತು. ಬ್ಯಾಟರಿ ಹಚ್ಚಿ, ನೆಲಕ್ಕೆ ಗಲ್ಲ ಹಚ್ಚಿ ನೋಡಿದೆ. ಉಗುರಿನ ದಪ್ಪದಷ್ಟು ಒಂದು ಅಂಚು ಎದ್ದಿತ್ತು. ಯಾರಿಗೂ ಏನೂ ಹೇಳದೆ ಕಿತ್ತು ಮತ್ತೆ ಕೂಡ್ರಿಸಿದೆ. ಒಣಗಿದ ಮೇಲೆ ಆಕೆ ಮತ್ತೆ ನಡೆದು ನೋಡಿ, "ಈಗ ಆತ್ರಿ" ಎಂದಳು. ಅವತ್ತಿನಿಂದ ಆಕೆಗೆ ನನ್ನ ಕೆಲಸದಲ್ಲಿ ಪಾಲು ಸಿಕ್ಕಿತು. ಒಣಗಿದ ಫರಸಿಯನ್ನು ಕೋಲಿನಿಂದ ಬಡಿದು ನೋಡುವುದು ನಮ್ಮ ಪದ್ಧತಿ. ಕೆಳಗೆ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು ಬರುತ್ತದೆ, ತುಂಬದಿದ್ದರೆ ಪೊಳ್ಳು ಸದ್ದು. ನಾನು ಬಡಿಯುತ್ತ ಹೋದರೆ ಆಕೆ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. "ಅದು ಪೊಳ್ಳ ಐತ್ರಿ" ಎಂದು ನನಗಿಂತ ಮೊದಲೇ ಹೇಳಿದ ದಿನಗಳೂ ಇದ್ದವು. ನಾನು ಇಲ್ಲ ಎನ್ನುತ್ತಿದ್ದೆ, ಆಮೇಲೆ ಕಿತ್ತು ಮತ್ತೆ ಹಾಕುತ್ತಿದ್ದೆ.

ಆಕೆ ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಹಿಂದಿನ ವರ್ಷ ಒಮ್ಮೆ ಬರೆದಿದ್ದಳು. ಕಣ್ಣು ಕಾಣದವರಿಗೆ ಪ್ರಶ್ನೆ ಓದಿ ಹೇಳಲು, ಹೇಳಿದ ಉತ್ತರ ಬರೆದುಕೊಳ್ಳಲು ಒಬ್ಬರನ್ನು ಕೊಡುತ್ತಾರೆ. ಆಕೆಗೆ ಕೊಟ್ಟಿದ್ದು ಏಳನೆಯ ಇಯತ್ತೆಯ ಒಂದು ಕೂಸು. ಪಾಪ, ಅದಕ್ಕೆ ಆ ದೊಡ್ಡ ದೊಡ್ಡ ಶಬ್ದ ಬರೆಯಲು ಬರಲಿಲ್ಲ, ಹೊತ್ತೂ ಸಾಲಲಿಲ್ಲ. ಗಣಿತ, ವಿಜ್ಞಾನ, ಸಮಾಜ ಮೂರೂ ಹೋದವು. ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ಆಕೆಯಂಥವರಿಗೆ ಅವಕಾಶವಿತ್ತು. ಆಕೆ ಒಪ್ಪಲಿಲ್ಲ. "ಎಲ್ಲಾರೂ ಬರೀತಾರ, ನಾ ಯಾಕ ಬಿಡ್ಲಿ?" ಎಂದಳಂತೆ. ಪಾಸಾದರೆ ಬೆಳಗಾವಿಯಲ್ಲಿ ಕಾಲೇಜು, ಹಾಸ್ಟೆಲಿನಲ್ಲಿ ಜಾಗ. ಆಗದಿದ್ದರೆ ಏನೆಂದು ಭೂಪಾಲಣ್ಣ ಮೊದಲೇ ಹೇಳಿಬಿಟ್ಟಿದ್ದರು: "ಇದೊಮ್ಮೆ ನೋಡೂಣು. ಆಗ್ಲಿಲ್ಲಂದ್ರ ಸಾಕು, ಮನ್ಯಾಗ ಸುಖವಾಗಿ ಇರ್ಲಿ." ಕೆಟ್ಟ ಮನುಷ್ಯರಲ್ಲ ಅವರು. ಮಗಳು ಎರಡನೆಯ ಸಲ ಅಳುವುದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಮಾರ್ಚ್ ಮೊದಲಲ್ಲಿ ಕಾಗವಾಡದ ಹೈಸ್ಕೂಲಿನ ಹೆಡ್‌ಮಾಸ್ತರರು ಮನೆಗೆ ಬಂದರು. ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಮೊಣಕಾಲೂರಿ ಫರಸಿ ಕೂಡ್ರಿಸುತ್ತಿದ್ದೆ.

"ಭೂಪಾಲಣ್ಣಾ, ಬರಿಯಾಕ ಒಪ್ಪಿದ್ದ ಹುಡುಗಿ ಈಗ ಒಲ್ಲೆ ಅಂತಾಳ. ಆಕಿದೂ ಒಂಬತ್ತನೇತ್ತಿ ಪರೀಕ್ಷಾ ಅದ ಟೈಮಿಗೆ ಬಂದೈತಿ. ನಾಕ ಸಾಲಿ ಕೇಳಿದ್ನಿ, ಯಾರೂ ಸಿಗವಲ್ರು."

"ದೊಡ್ಡವರ್ನ ಯಾರರೆ ನೋಡ್ರೆಲ್ರಿ ಸರ್. ನಮ್ಮ ತಮ್ಮನ ಮಗ ಡಿಗ್ರಿ ಮಾಡ್ಯಾನ..."

"ಡಿಗ್ರಿ ಮಾಡಿದವರು ನಡೆಯೂದಿಲ್ರಿ. ಬರಿಯಾವ್ರು ಆಕಿಗಿಂತ ಕಡಿಮಿ ಓದಿರಬೇಕು. ಹತ್ತನೇತ್ತಿ ದಾಟಿರಬಾರದು. ಮತ್ತ ಕೈಬರಹ ಛಲೋ ಇರಬೇಕು. ಅಂಥಾವ್ರು ಎಲ್ಲಿ ಸಿಗ್ತಾರ?"

ಬಾಗಿಲಲ್ಲಿ ನಿಂತಿದ್ದ ಪದ್ಮಾ ಚೌಕಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು. ನನ್ನ ಜೀವನದಲ್ಲಿ ಹೆಚ್ಚು ಓದಿದವರು ಬೇಕು ಎಂಬ ಮಾತು ಎಷ್ಟೋ ಸಲ ಕೇಳಿದ್ದೆ. ಕಡಿಮೆ ಓದಿದವರು ಬೇಕು ಎಂದು ಒಬ್ಬ ಹೆಡ್‌ಮಾಸ್ತರರು ತಲೆಗೆ ಕೈ ಹಚ್ಚಿ ಕೂತದ್ದು ಅವತ್ತೇ ಕಂಡದ್ದು.

"ಸರ್," ಎಂದೆ, ಸುತ್ತಿಗೆ ಕೆಳಗಿಟ್ಟು. "ಒಂಬತ್ತನೇತ್ತಿ ಅರ್ಧಾ ಮಾಡಿದವರು ನಡೀತಾರೇನ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. "ಯಾರದಾರ?" ಎಂದರು ಹೆಡ್‌ಮಾಸ್ತರರು.

"ನಾನ ಅದೇನಲ್ರಿ."

ಅವರು ಮೇಲಿಂದ ಕೆಳಗೆ ನೋಡಿದರು. ಮೊಣಕೈ ತನಕ ಸಿಮೆಂಟು. "ನಾಪಾಸೇನ್ರಿ?" ಎಂದು ಕೇಳಿದರು.

"ನಾಪಾಸಲ್ರಿ, ಬಿಟ್ಟೇನಿ," ಎಂದೆ. ಪದ್ಮಾ ಕಿಸಕ್ಕನೆ ನಕ್ಕಳು.

ಕೈಬರಹ ನೋಡಬೇಕೆಂದರು. ಕಾಗದ ಹುಡುಕುವ ಬದಲು ಫರಸಿಯ ರಟ್ಟಿನ ಡಬ್ಬಿ ಮಗುಚಿ ಹಾಕಿ, ಕಿವಿಯ ಮೇಲಿದ್ದ ಗುರುತು ಹಾಕುವ ಪೆನ್ಸಿಲ್ ತೆಗೆದೆ. ನಮ್ಮ ಶಾಲೆಯ ಕನ್ನಡ ಮಾಸ್ತರರು ನನ್ನ ಪಾಟಿಯನ್ನು ಎಲ್ಲ ವರ್ಗಕ್ಕೂ ತೋರಿಸಿ ಬರುತ್ತಿದ್ದರು. ಅದೊಂದು ಸೊಕ್ಕು ಈ ತನಕ ಹೋಗಿಲ್ಲ.

"ಏನ್ ಬರೀಲಿ? ಹೇಳವಾ ಪದ್ಮವ್ವ."

ಆಕೆ ಗಂಟಲು ಸರಿಮಾಡಿಕೊಂಡು, ಪುಸ್ತಕ ಓದಿದಂತೆ ಹೇಳಿದಳು: "ಶೇಡಬಾಳದ ಒಂದು ಮನೆಯಲ್ಲಿ ಒಂದು ಫರಸಿ ಎದ್ದಿತ್ತು. ಮಿಸ್ತ್ರಿ ಅದನ್ನು ಒಪ್ಪಿಕೊಳ್ಳಲಿಲ್ಲ."

ಭೂಪಾಲಣ್ಣ ನಕ್ಕರು, ಹೆಡ್‌ಮಾಸ್ತರರು ನಕ್ಕರು. ನಾನು ಒಂದು ಅಕ್ಷರ ಬಿಡದೆ ಬರೆದು ಕೊಟ್ಟೆ. ಹೆಡ್‌ಮಾಸ್ತರರು ರಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇಂಥಾ ಕೈ ಇಟಗೊಂಡು ಸಾಲಿ ಯಾಕ ಬಿಟ್ರಿ?" ಎಂದರು. ನಾನು ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡೆ.

ಭೂಪಾಲಣ್ಣ ಆ ದಿನಗಳ ಪಗಾರದ ಮಾತೆತ್ತಿದರು. "ಕೆಲಸಕ್ಕ ಪಗಾರ ತಗೋತೀನ್ರಿ ಅಣ್ಣಾರ, ಇದಕ್ಕ ಬ್ಯಾಡ" ಎಂದೆ. ಅಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ. ಪುಕ್ಕಟೆ ದುಡಿಸಿಕೊಂಡವರ ಹೊಸ್ತಿಲು ನಾನು ಎರಡನೆಯ ಸಲ ತುಳಿದವನಲ್ಲ. ಮನೆಗೆ ಹೋಗಿ ಹೇಳಿದರೆ ಹೆಂಡತಿ ಶಮೀಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಪುಕ್ಕಟ? ನೀವು? ರಮಜಾನದಾಗ ರೋಜಾ ಹಿಡಕೊಂಡು, ಬಿಸಿಲಾಗ, ಕಾಗವಾಡಕ್ಕ?"

"ಹೂಂ."

"ಏನ್ ಸಿಗತೇತಿ?"

ಗೊತ್ತಿಲ್ಲ ಎಂದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಏನಾದರೂ ಬಂದಿದೆಯೋ ಎಂದು.

ಹೀಗೆ ಸಂಜೆಯ ಅಭ್ಯಾಸ ಶುರುವಾಯಿತು. ಹಗಲು ಅದೇ ಮನೆಯಲ್ಲಿ ಫರಸಿ, ಸಂಜೆ ಪಡಸಾಲೆಯಲ್ಲಿ ಪೆನ್ನು. ಹಳೆಯ ಪ್ರಶ್ನೆಪತ್ರಿಕೆ ಓದಿ ಹೇಳುವುದು, ಆಕೆ ಹೇಳಿದ್ದನ್ನು ಬರೆಯುವುದು. ಮೊದಲ ದಿನ ಅರ್ಧ ಹಾಳೆಗೇ ಬೆರಳು ಸೆಟೆದುಕೊಂಡವು. ದಿನವಿಡೀ ಫರಸಿ ಎತ್ತುವ ಕೈಗೆ ಪೆನ್ನು ಭಾರವಾಗುತ್ತದೆಂದು ಯಾರು ನಂಬುತ್ತಾರೆ?

ಮಾರ್ಚ್ ಕೊನೆಗೆ ರಮಜಾನ್ ಬಂತು. ಆಗ ಆ ಮನೆಯಲ್ಲಿ ಒಂದು ಮೋಜು ನಡೆಯುತ್ತಿತ್ತು. ಅವರದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ. ನನ್ನದು ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರು ಹಾಕುವ ತಿಂಗಳು. ಪದ್ಮಾಳ ಅವ್ವನನ್ನು ನಾನು ವೈನಿ ಎನ್ನುತ್ತಿದ್ದೆ. ವೈನಿ ತಮ್ಮ ಊಟದ ಪಾತ್ರೆ ತೊಳೆದಿಟ್ಟು, ಬಿಸಿಲಿರುವಾಗಲೇ ಮಾಡಿದ ರೊಟ್ಟಿ, ಹೆಸರುಕಾಳಿನ ಪಲ್ಯ ಮುಚ್ಚಿಟ್ಟು, ಕಟ್ಟೆಯ ಮೇಲೆ ಕೂತು ಪಡುವಣ ನೋಡುತ್ತಿದ್ದರು.

"ಮಿಸ್ತ್ರಿ, ನಮ್ಮ ಅಡಗಿಮನಿ ಬಾಗಲಾ ಹಾಕೂ ಹೊತ್ತಿಗೆ ನಿಮ್ಮದು ತೆರೀತೇತಿ ನೋಡ್ರಿ."

"ಒಂದ ಸೂರ್ಯಾ ರೀ ವೈನಿ. ನಿಮಗ ಬ್ಯಾಡ ಅಂತಾನ, ನನಗ ಹೂಂ ಅಂತಾನ."

ರೋಜಾ ಬಿಡಲು ಶೆಡ್ಡಿನಿಂದ ಒಂದು ಮುಷ್ಟಿ ಒಣದ್ರಾಕ್ಷಿ ತರುತ್ತಿದ್ದವಳು ಪದ್ಮಾ. ಬಿಸಿಲಿನ ಬಿಸಿ ಇನ್ನೂ ಅದರಲ್ಲಿರುತ್ತಿತ್ತು. ದಿನವಿಡೀ ಒಣಗಿದ ನಾಲಿಗೆಗೆ ಆ ಮೊದಲ ದ್ರಾಕ್ಷಿ ತಾಕಿದಾಗಿನ ರುಚಿ ಇವತ್ತಿಗೂ ಬೇರೆ ಯಾವುದಕ್ಕೂ ಬಂದಿಲ್ಲ.

ಅಂಥ ಒಂದು ಸಂಜೆ ಗಣಿತ ನಡೆದಿತ್ತು. ಬಾವಿಯ ಲೆಕ್ಕ. ಒಂದು ದುಂಡು ಬಾವಿ, ಇಷ್ಟು ಅಗಲ, ಇಷ್ಟು ಆಳ, ಅಗೆದ ಮಣ್ಣು ಎಷ್ಟು ಎಂದು ಕೇಳಿದ್ದರು. ಪ್ರಶ್ನೆಯಲ್ಲಿ ಕೊಟ್ಟದ್ದು ಬಾವಿಯ ಪೂರ್ತಿ ಅಗಲ, ವ್ಯಾಸ. ಲೆಕ್ಕ ಮಾಡುವಾಗ ಅದರ ಅರ್ಧ, ತ್ರಿಜ್ಯ ಹಿಡಿಯಬೇಕು. ಪದ್ಮಾ ಅವಸರದಲ್ಲಿ ಪೂರ್ತಿ ಅಗಲವನ್ನೇ ಹಿಡಿದಳು. ಬಾವಿ, ನೀರಿನ ಟಾಕಿ, ತೊಟ್ಟಿ ಎಲ್ಲಕ್ಕೂ ಸಿಮೆಂಟಿನ ಗಿಲಾವು ಮಾಡಿದ ಕೈ ನನ್ನದು. ಅಷ್ಟು ಮಣ್ಣು ಆ ಬಾವಿಯಲ್ಲಿ ಹುಟ್ಟುವುದಿಲ್ಲವೆಂದು ಕೈಗೇ ಗೊತ್ತಾಯಿತು. ಪೆನ್ನು ನಿಂತಿತು.

ಪದ್ಮಾಳ ಮಾತೂ ನಿಂತಿತು.

"ಕಾಕಾ, ಪೆನ್ನ ನಿಂತಿತು. ನಾ ತಪ್ಪ ಹೇಳಿದ್ನಿ, ಹೌದಲ್ರಿ?"

ಆಕೆ ಒಂದು ಗಳಿಗೆ ಯೋಚಿಸಿ, "ಅಯ್ಯ, ಅರ್ಧಾ ಮಾಡಬೇಕಿತ್ತು" ಎಂದಳು. ನನಗೆ ಖುಷಿಯಾಯಿತು. "ಶಾಬಾಸ್" ಎಂದೆ. ಆಕೆಯ ಮುಖ ಮಾತ್ರ ಸಣ್ಣದಾಯಿತು.

"ಇದು ನಡೆಯೂದಿಲ್ರಿ ಕಾಕಾ. ಹೋದ ವರ್ಷ ನಾಪಾಸಾದಾಗ ಎಲ್ಲಾರೂ ಅಂದ್ರು, ಪಾಪ, ಆ ಕೂಸಿಗೆ ಬರಿಯಾಕ ಬರಲಿಲ್ಲ ಅಂತ. ಈಗ ನೀವು ಹಿಂಗ ಪೆನ್ನ ನಿಲ್ಲಿಸಿ ಪಾಸ್ ಮಾಡಿದ್ರ, ಮಿಸ್ತ್ರಿ ಪಾಸ್ ಮಾಡ್ಸಿದಾ ಅಂತಾರ. ನಾಪಾಸೂ ನಂದಲ್ಲ, ಪಾಸೂ ನಂದಲ್ಲ. ಹಂಗಾರ ನಂದ್ಯಾವ್ದು?"

ನಾಪಾಸಿಗೂ ಬಿಟ್ಟಿದ್ದಕ್ಕೂ ನಡುವಿನ ಫರಕನ್ನು ಮೂವತ್ತು ವರ್ಷದಿಂದ ಊರಿಗೆ ಹೇಳುತ್ತ ಬಂದವನಿಗೆ, ಆ ಹುಡುಗಿ ಏನು ಕೇಳುತ್ತಿದ್ದಾಳೆಂದು ಚೆನ್ನಾಗಿ ಗೊತ್ತಾಯಿತು.

ಅವತ್ತಿನಿಂದ ನಾವು ಒಂದು ವಿಚಿತ್ರ ಅಭ್ಯಾಸ ಹಿಡಿದೆವು. ಆಕೆ ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದಳು. ನಾನು ನಿಲ್ಲದೆ ಬರೆಯಬೇಕು. ಎರಡೂ ಎರಡೂ ಐದು ಎಂದರೆ ಐದು. ಕೃಷ್ಣಾ ನದಿ ಹಿಮಾಲಯದಲ್ಲಿ ಹುಟ್ಟುತ್ತದೆ ಎಂದರೆ ಹಿಮಾಲಯ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಸೊಟ್ಟ ಫರಸಿಯನ್ನು ಸೊಟ್ಟವೆಂದು ಗೊತ್ತಿದ್ದೂ ಹಾಗೇ ಕೂಡ್ರಿಸಿ ಮುಂದೆ ಹೋಗು ಎಂದರೆ ಮಿಸ್ತ್ರಿಯ ಕೈ ಕೇಳುತ್ತದೆಯೇ? "ಹಾಂ, ಈಗ ಉಸರ ಬಿಟ್ರಿ" ಎನ್ನುವಳು. ಮರುದಿನ, "ಈಗ ಕುರ್ಚಿ ಕಿರ್ ಅಂತು" ಎನ್ನುವಳು. ನನ್ನ ಮೈಯೆಲ್ಲ ಬಾಯಿಯಾಗಿತ್ತು, ಅದನ್ನು ಮುಚ್ಚಲು ಕಲಿಯಬೇಕಾಯಿತು. ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಉದ್ದಕ್ಕೂ ಸುಳ್ಳೇ ಹೇಳಿದಳು. ನಾನು ನೇಗಿಲು ಹೊಡೆದಂತೆ ಬರೆದುಕೊಂಡು ಹೋದೆ. ಕೊನೆಗೆ ತಲೆ ಅತ್ತಿತ್ತ ಹೊರಳಿಸಿ ಕಿವಿಗೊಟ್ಟು, "ಗೊತ್ತ ಆಗ್ಲಿಲ್ರಿ ಕಾಕಾ. ಪಾಸ್ ನೀವು" ಎಂದಳು.

ನಿಯಮದಂತೆ ನನ್ನ ಹಳೆಯ ಶಾಲೆಯಿಂದ ಒಂಬತ್ತನೆಯದಕ್ಕೆ ಬಿಟ್ಟ ದಾಖಲೆ ತಂದು ಕೊಟ್ಟೆ. ಪರೀಕ್ಷೆಯ ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೆ. ಶಮೀಮ ನಸುಕಿನ ಸಹರಿ ಊಟದ ಹೊತ್ತಿಗೇ ಎದ್ದು ಉಗುರಿನ ಸಂದಿಯ ಸಿಮೆಂಟನ್ನು ಸೂಜಿಯಿಂದ ತೆಗೆದುಕೊಟ್ಟಳು. "ಮದುವಿಗೂ ಇಷ್ಟ ತಯಾರ ಆಗಿರಲಿಲ್ಲ ನೀವು" ಎಂದು ಅಣಕಿಸಿದಳು. ಕೈ ಮಾತ್ರ ಬಿಡದೆ ಹತ್ತೂ ಬೆರಳು ನೋಡಿದಳು.

ಕಾಗವಾಡದ ಹೈಸ್ಕೂಲಿನಲ್ಲಿ ನಮಗೆ ಬೇರೆ ಕೋಣೆ. ಒಂದು ಬೆಂಚು, ಕಿಟಕಿಯಾಚೆ ಬೇವಿನ ಮರ, ಮೇಲ್ವಿಚಾರಣೆಗೆ ಒಬ್ಬ ಟೀಚರು. ಬಾಗಿಲ ಮೇಲೆ ಹತ್ತನೇ ತರಗತಿ ಎಂದು ಬರೆದಿತ್ತು. ನಾನು ಆ ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ನನ್ನ ಜೊತೆಗಿದ್ದ ಹುಡುಗರೆಲ್ಲ ದಾಟಿದ ಬಾಗಿಲದು.

"ಏನಾತ್ರಿ ಕಾಕಾ?" ಎಂದಳು ನನ್ನ ತೋಳು ಹಿಡಿದಿದ್ದ ಪದ್ಮಾ.

"ಏನಿಲ್ಲವಾ, ಹೊಸ್ತಲಾ ಎತ್ತರ ಐತಿ. ಕಾಲ ಎತ್ತಿ ಇಡು."

ಸಮಾಜ, ವಿಜ್ಞಾನ ಚೆನ್ನಾಗಿ ಹೋದವು. ಪ್ರಶ್ನೆ ಓದಿ ಓದಿ ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಮರಳು ಕಾಗದವಾಗುತ್ತಿತ್ತು. ಬೆಂಚಿನ ಮೇಲೆ ಆಕೆಯ ನೀರಿನ ಬಾಟಲಿ ತುಂಬಿದ್ದದ್ದು ತುಂಬಿದಂತೆಯೇ ಇತ್ತು. ಎರಡನೆಯ ದಿನ ನನಗೆ ಅನುಮಾನ ಬಂತು.

"ನೀರ ಯಾಕ ಕುಡಿಯವಲ್ಲಿ?"

"ನೀವು ಕುಡಿಯೂದಿಲ್ಲಲ್ರಿ."

"ನನಗ ರೋಜಾ ಐತಿ, ನಿನಗೇನ್ ಧಾಡಿ? ಕುಡಿ ಮೊದಲ."

"ಪ್ರಶ್ನೆ ಬಿಟ್ಟು ಬ್ಯಾರೆ ಮಾತ ಬ್ಯಾಡ್ರಿ," ಎಂದು ಟೀಚರು ಗದರಿದರು. ಆಮೇಲೆ ತಾವೇ ಎದ್ದು ಬಂದು ಬಾಟಲಿಯ ಮುಚ್ಚಳ ತೆಗೆದು ಆಕೆಯ ಕೈಗಿಟ್ಟರು.

ಕೊನೆಗೆ ಗಣಿತ ಬಂತು. ಆ ದಿನ ಬಿಸಿಗಾಳಿ. ಕಿಟಕಿಯಿಂದ ಬೇವಿನ ಹೂವು ಉದುರಿ ಉತ್ತರಪತ್ರಿಕೆಯ ಮೇಲೆ ಬೀಳುತ್ತಿತ್ತು. ಅರ್ಧದ ತನಕ ಪದ್ಮಾ ಚೆನ್ನಾಗಿಯೇ ಹೇಳಿದಳು, ಕೆಲವು ಬಿಟ್ಟಳು. ಕೊನೆಯ ದೊಡ್ಡ ಪ್ರಶ್ನೆ ಓದಲು ಹಾಳೆ ಹೊರಳಿಸಿದೆ. ನೋಡಿದರೆ ಬಾವಿ. ಬೇರೆ ಅಳತೆ, ಬೇರೆ ಮಾತು, ಆದರೆ ಅದೇ ದುಂಡು ಬಾವಿ, ಅದೇ ಅಗೆದ ಮಣ್ಣು.

ಓದಿದೆ. ವ್ಯಾಸ ಎಂಬ ಶಬ್ದವನ್ನು ಬೇರೆ ಶಬ್ದಗಳಷ್ಟೇ ಹಗುರವಾಗಿ ಓದಿದೆ. ಅದನ್ನೂ ಅಭ್ಯಾಸ ಮಾಡಿದ್ದೆವು. ಪದ್ಮಾ ಹಣೆಗೆ ಕೈ ಹಚ್ಚಿಕೊಂಡು ಶುರುಮಾಡಿದಳು. ಹೊತ್ತು ಕಡಿಮೆ ಉಳಿದಿತ್ತು, ಆಕೆಯ ದನಿಯಲ್ಲಿ ಅವಸರವಿತ್ತು.

ಪೂರ್ತಿ ಅಗಲವನ್ನೇ ಹಿಡಿದಳು.

ಪಾಸಿಗೆ ಎಷ್ಟು ಬೇಕೋ ಅಲ್ಲಿಗೆ ಮುಟ್ಟಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಈ ಲೆಕ್ಕಕ್ಕೆ ಅಂಕ ಹೆಚ್ಚು ಎಂಬುದು ಮಾತ್ರ ಗೊತ್ತಿತ್ತು. ಒಂದು ಉಸಿರು, ಪೆನ್ನಿನ ಒಂದು ಚೂರು ತಡೆ, ಅಷ್ಟು ಸಾಕಿತ್ತು. ಟೀಚರಿಗೂ ತಿಳಿಯುತ್ತಿರಲಿಲ್ಲ, ಸರಕಾರಕ್ಕೂ ತಿಳಿಯುತ್ತಿರಲಿಲ್ಲ. ಬೆಳಗಾವಿಯ ಹಾಸ್ಟೆಲ್ಲು, ಭೂಪಾಲಣ್ಣನ ಮಾತು, ಪಡಸಾಲೆಯ ಸಂಜೆಗಳು, ಎಲ್ಲ ಆ ಪೆನ್ನಿನ ಮೊನೆಗೆ ಬಂದು ಕೂತವು. ನಾಲಿಗೆ ಒಣಗಿತ್ತು. ಒಣದ್ರಾಕ್ಷಿಯ ರುಚಿ ನೆನಪಾಯಿತು.

ಪೆನ್ನು ನಿಲ್ಲಿಸಲಿಲ್ಲ. ಆಕೆ ಹೇಳಿದ ತಪ್ಪು ಅಂಕಿಗಳನ್ನು ಒಂದರ ಕೆಳಗೊಂದು, ದಾರ ಹಿಡಿದು ಹಾಕಿದ ಫರಸಿಯ ಹಾಗೆ ನೇರವಾಗಿ ಬರೆದೆ. ಅದು ನಾನು ಹಾಕಿದ ಅತ್ಯಂತ ಸೊಟ್ಟ ನೆಲ.

ಗಂಟೆ ಹೊಡೆಯಿತು. ಹೊರಗೆ ಬೇವಿನ ನೆರಳಲ್ಲಿ ಭೂಪಾಲಣ್ಣ ಗಾಡಿ ಹಿಡಿದು ನಿಂತಿದ್ದರು. ಮೆಟ್ಟಿಲು ಇಳಿಯುವಾಗ ಪದ್ಮಾ ತಟ್ಟನೆ ನನ್ನ ತೋಳು ಬಿಗಿಯಾಗಿ ಹಿಡಿದಳು.

"ಕಾಕಾ. ಬಾಂವಿ ಲೆಕ್ಕ ತಪ್ಪಾತಲ್ರಿ. ಅರ್ಧಾ ಮಾಡ್ಲಿಲ್ಲ."

"ಹೌದವಾ."

"ನಿಮಗ ಆಗ ಗೊತ್ತಾತಲ್ರಿ?"

"ಹೂಂ."

"ಪೆನ್ನ ನಿಲ್ಲಲಿಲ್ಲ."

"ಪೆನ್ನ ಓಡ್ತು ಅವ್ವಾ," ಎಂದೆ. "ನಾ ಅಲ್ಲೇ ನಿಂತಿದ್ನಿ."

ಆಕೆ ಮೊದಲು ನಕ್ಕಳು. ನಗುತ್ತ ನಗುತ್ತ ಅತ್ತಳು. ಅಳುತ್ತಲೇ ಅಂದಳು, "ಛಲೋ ಮಾಡಿದ್ರಿ. ಏನರೆ ಆಗ್ಲಿ, ಈಗ ಅದು ನಂದು." ಭೂಪಾಲಣ್ಣ ಗಾಬರಿಯಾಗಿ ಓಡಿ ಬಂದರು. ಆಕೆಯ ಕೈಯನ್ನು ಅವರ ಕೈಗೆ ಕೊಟ್ಟೆ. ನಾನು ನನ್ನ ಗಾಡಿಯ ಮೇಲೆ ಮನೆಗೆ ಹೊರಟೆ. ಕೃಷ್ಣಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ತುಸು ಹೊತ್ತು ನೀರು ನೋಡುತ್ತ ನಿಂತೆ. ತೆಳ್ಳಗೆ ಹರಿಯುತ್ತಿತ್ತು. ಸಂಜೆ ಶಮೀಮ ಶರಬತ್ತಿನ ಲೋಟ ಕೊಡುತ್ತ ಹೇಗಾಯಿತು ಎಂದಳು. "ನನ್ನ ಪಾಲಿನ ಕೆಲಸ ಛಲೋ ಆತು, ಅದಕ್ಕ ಜೀವಕ್ಕ ಸಮಾಧಾನ ಇಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಬೆನ್ನಿನ ಮೇಲೆ ಕೈಯಾಡಿಸಿದಳು.

ಫಲಿತಾಂಶ ಬಂದ ದಿನ ನಾನು ನಿಪ್ಪಾಣಿ ಕಡೆಯ ಭೋಜದಲ್ಲಿ ಒಬ್ಬರ ಮನೆಯಲ್ಲಿ ಕೆಲಸದ ಮೇಲಿದ್ದೆ. ಹಸಿ ಸಿಮೆಂಟಿನ ಮೇಲೆ ಫರಸಿ ಕೂಡ್ರಿಸಿ ಇನ್ನೂ ಕೈ ತೆಗೆದಿರಲಿಲ್ಲ, ಫೋನು ಬಂತು.

"ಕಾಕಾ, ಆತ್ರಿ!"

"ಗಣಿತ?"

"ಅಂಚಿಗೆ ಬಂದೈತ್ರಿ. ಉಗರಿನಷ್ಟು. ಖರೆ ಆತು!"

ಗೊತ್ತಿಲ್ಲದೇ ಪೂರ್ತಿ ಭಾರ ಆ ಕೈಯ ಮೇಲೆ ಹಾಕಿಬಿಟ್ಟೆ. ಫರಸಿ ಒಂದು ಕಡೆ ಕುಸಿದು ಸಿಮೆಂಟು ಮೇಲೆ ಬಂತು. ಮನೆಯ ಮಾಲೀಕ ಓಡಿ ಬಂದು ಮರಾಠಿಯಲ್ಲಿ, ಏನಾಯಿತು ಮಿಸ್ತ್ರಿ ಎಂದು ಕೇಳಿದ. ಮಗಳು ಪಾಸಾದಳು ಎಂದು ಮರಾಠಿಯಲ್ಲೇ ಹೇಳಿದೆ. "ಕುಣಾಚೀ?" ಎಂದ, ಯಾರ ಮಗಳು ಎಂದು. "ಆಮಚೀ," ಎಂದೆ. ನಮ್ಮಾಕಿ.

ಶಮೀಮ ಕೇಳಿದ್ದಳಲ್ಲ, ಏನು ಸಿಗುತ್ತದೆ ಎಂದು. ಆಕೆಗೆ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಹತ್ತನೆಯ ಇಯತ್ತೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುತ್ತ ನಾನೂ ಓದಿದೆ. ಬೆಳಕು ಗಾಜಿನೊಳಗೆ ಹೋಗುವಾಗ ಬಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದವಳು ಬೆಳಕು ಕಾಣದ ಹುಡುಗಿ. ಒಬ್ಬರಿಗೆ ನೆರವಾಗುವುದೆಂದರೆ ಅವರ ಕೆಲಸವನ್ನು ನಾವು ಮಾಡಿಬಿಡುವುದು ಎಂದುಕೊಂಡಿದ್ದೆ. ಅವರ ತಪ್ಪನ್ನು ಅವರಿಗೇ ಬಿಟ್ಟು ಪಕ್ಕದಲ್ಲಿ ಕೂಡುವುದೂ ನೆರವು ಎಂದು ಆ ಬೆಂಚಿನ ಮೇಲೆ ಗೊತ್ತಾಯಿತು. ಪದ್ಮಾಳ ಪಾಸಿನಲ್ಲಿ ನಾನು ಸೇರಿಸಿದ ಒಂದು ಗೆರೆಯೂ ಇಲ್ಲ. ನನ್ನ ಹೆಮ್ಮೆ ಇರುವುದೇ ಅದರಲ್ಲಿ.

ಈಗ ಪದ್ಮಾ ಬೆಳಗಾವಿಯಲ್ಲಿ ಪಿಯುಸಿ ಮುಗಿಸಿ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದಾಳೆ. ಈ ಮಾರ್ಚಿನಲ್ಲಿ ನಾನು ಫರಸಿ ಹಾಕಲು ಹೋದ ಶೇಡಬಾಳದ ಶಾಲೆಯಲ್ಲಿಯೇ ಆಕೆಯ ಇಂಟರ್ನ್‌ಶಿಪ್ ನಡೆದಿದೆ. ಪಗಾರವಿಲ್ಲ. "ನಿಮ್ಮ ಹಂಗ ಪುಕ್ಕಟ ದುಡ್ಯಾಕತ್ತೇನ್ರಿ" ಎಂದು ನಕ್ಕಳು. ಪಕ್ಕದ ಕೋಣೆಯಿಂದ ದಿನವಿಡೀ ಆಕೆ ಮಕ್ಕಳಿಗೆ ಮಗ್ಗಿ ಹೇಳಿಸುವ ದನಿ ಕೇಳುತ್ತಿತ್ತು. ಯಾವನೋ ಒಬ್ಬ ತಡವರಿಸಿದರೆ ಕೂಡಲೇ ಹೇಳಿಕೊಡುತ್ತಿರಲಿಲ್ಲ. ಕಾಯುತ್ತಿದ್ದಳು. ನನ್ನ ಸುತ್ತಿಗೆಯೂ ಆಗ ಕಾಯುತ್ತಿತ್ತು.

ಕೆಲಸ ಮುಗಿದ ದಿನ ಚಪ್ಪಲಿ ಕಳಚಿಟ್ಟು ಬಂದಳು. ಹೊಸ ನೆಲದ ಮೇಲೆ ಈ ಗೋಡೆಯಿಂದ ನಡೆಯತೊಡಗಿದಳು. ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಂತೆ. ಕೋಣೆಯ ನಟ್ಟನಡುವೆ ಆಕೆಯ ಕಾಲು ನಿಂತಿತು.

"ಯಾಕವಾ? ಎದ್ದೈತೇನು?"

"ಇಲ್ರಿ. ನಿಮಗ ಹ್ಯಾಂಗ ಅನಸ್ತೇತಿ ನೋಡೂಣು ಅಂತ ನಿಂತ್ನಿ."

"ಜೀವ ಹೋಗಿತ್ತಲ್ಲೇ ಹುಡುಗಿ!"

ನಗುತ್ತ ಮುಂದಿನ ಗೋಡೆ ಮುಟ್ಟಿದಳು. ನಾನು ಸಾಮಾನು ಕಟ್ಟುವಾಗ ಹತ್ತಿರ ಬಂದು, "ಕಾಕಾ, ನೀವೂ ಹತ್ತನೇತ್ತಿ ಪರೀಕ್ಷಾ ಕಟ್ರೆಲ್ರಿ. ನಾ ಹೇಳಿಕೊಡ್ತೀನಿ" ಎಂದಳು.

"ಒಲ್ಲೆವಾ."

"ಅಂಜಿಕೇನ್ರಿ?"

"ಪಾಸಾದ್ರ ಆಮ್ಯಾಲೆ ನನ್ನ ಯಾರ ಕರೀತಾರ?"

ಆ ಬೇಸಿಗೆಯ ನಂತರ ಪ್ರತಿ ಮಾರ್ಚಿಗೂ ಒಬ್ಬರಲ್ಲ ಒಬ್ಬರಿಗೆ ಬರೆದುಕೊಡುತ್ತ ಬಂದಿದ್ದೇನೆ. ಈ ಸಲ ಉಗಾರದ ಒಬ್ಬ ಹುಡುಗ, ಕೈ ನಡುಗುತ್ತದೆ, ಪೆನ್ನು ಹಿಡಿಯಲು ಆಗುವುದಿಲ್ಲ. ಸಾಮಾನು ಗಾಡಿಗೆ ಕಟ್ಟಿ ಶಾಲೆಯ ಮುಂದಿನ ಚಹಾದ ಅಂಗಡಿಗೆ ಬಂದು ಕೂತಾಗ ಕಾಗವಾಡದ ಹೆಡ್‌ಮಾಸ್ತರರ ಫೋನು ಬಂತು. ಹುಡುಗನ ಹೆಸರು, ಪರೀಕ್ಷೆಯ ದಿನ ಹೇಳಿದರು. ಕೊನೆಗೆ ಪ್ರತಿ ವರ್ಷದಂತೆ ಕೇಳಿದರು:

"ಮಿಸ್ತ್ರಿ, ನಿಮ್ಮದು ಇನ್ನೂ ಒಂಬತ್ತನೇತ್ತಿನ ಅಲ್ರಿ?"

"ಹೌದ್ರಿ ಸರ್, ಇನ್ನೂ ಒಂಬತ್ತನೇತ್ತಿನ," ಎಂದೆ. ಅಂಗಡಿಯಲ್ಲಿ ಕೂತವರೆಲ್ಲರಿಗೂ ಕೇಳಲಿ ಎಂದು ತುಸು ಜೋರಾಗಿಯೇ ಎಂದೆ.